ಎರಡು ಬಾಗಿಲ ರೂಪಾಯಿ

ಆಗಿನ ಕಾಲದಲ್ಲಿ ಬೀದರಿನಲ್ಲಿ ಯಾರಾದರೂ ನಿಮ್ಮ ಕೈಗೆ ಸಂಶಯದ ನಾಣ್ಯ ಕೊಟ್ಟರೆ ಮಾಡಬೇಕಾದ ಕೆಲಸ ಒಂದೇ. ಊರ ಪಕ್ಕದ ಚಿದ್ರಿಗೆ ಹೋಗುವುದು, ಮಡೆಪ್ಪನ ಮನೆ ಯಾವುದೆಂದು ಕೇಳುವುದು, ಕಟ್ಟೆಯ ಮೇಲೆ ಕೂತು ಅವನು ಉಣ್ಣುವುದು ಮುಗಿಯುವವರೆಗೆ ಕಾಯುವುದು. ಊಟದ ನಡುವೆ ಅವನನ್ನು ಎಬ್ಬಿಸುವ ಧೈರ್ಯ ಮಾತ್ರ ಮಾಡಬಾರದು. ಕಚೇರಿಯ ಜವಾನನೊಬ್ಬ ಹಾಗೆ ಎಬ್ಬಿಸಲು ಹೋಗಿ, "ರೂಪಾಯಿ ಎಲ್ಲೂ ಓಡಿ ಹೋಗೋದಿಲ್ರಿ, ರೊಟ್ಟಿ ಆರಿ ಹೋಗ್ತದ" ಎಂದು ಅನ್ನಿಸಿಕೊಂಡು ಬಂದಿದ್ದ.

ಮಡೆಪ್ಪ ಸರಾಫನೂ ಅಲ್ಲ, ಅಕ್ಕಸಾಲಿಗನೂ ಅಲ್ಲ. ಅಷ್ಟೂರಿನ ಕುರಿಯವರ ಮಗ. ಅಲ್ಲಿನ ಸುಲ್ತಾನರ ಗುಂಬಜಗಳ ನೆರಳಿನಲ್ಲಿ ಕುರಿ ಮೇಯಿಸುತ್ತ, ಕಲ್ಲಿನ ಮೇಲೆ ಮೊಳೆಯಿಂದ ಹೂಬಳ್ಳಿ ಗೀಚುತ್ತ ಕೂತವನನ್ನು ಬೀದರಿನ ಒಬ್ಬ ಬಿದ್ರಿ ಕೆಲಸದ ಉಸ್ತಾದ ಕಂಡು, "ಈ ಕೈ ಕುರಿ ಹಿಂದ ಯಾಕ ತಿರಗ್ಲತ್ತದ?" ಎಂದು ಕರೆದುಕೊಂಡು ಹೋಗಿದ್ದ. ಅಲ್ಲಿಂದ ಮುಂದೆ ಆ ಕೈ ಹುಕ್ಕಾದ ಬುಡಕ್ಕೆ, ಪಾನದಾನಿನ ಮುಚ್ಚಳಕ್ಕೆ ಬೆಳ್ಳಿ ತಂತಿ ಕೂರಿಸುತ್ತಲೇ ಸವೆಯಿತು. ಬೆಳ್ಳಿಯ ಜೊತೆ ಅಷ್ಟು ವರ್ಷ ಬಾಳಿದವನಿಗೆ ಬೆಳ್ಳಿಯ ದನಿ ಗೊತ್ತಾಗುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ ಎಂದು ಅವನೇ ಹೇಳುತ್ತಿದ್ದ. ಹಾಗೆ ಹೇಳುತ್ತಲೇ ಮೀಸೆಯ ಮೇಲೆ ಕೈ ಆಡಿಸಿಕೊಳ್ಳುತ್ತಿದ್ದ.

ಅವನ ಪರೀಕ್ಷೆ ನೋಡುವುದೇ ಒಂದು ಮೋಜು. ಮೊದಲು ಕಟ್ಟೆಯ ಕಲ್ಲಿನ ಮೇಲೆ ನಾಣ್ಯ ಬೀಳಿಸಿ ಕಣ್ಣು ಮುಚ್ಚುತ್ತಿದ್ದ. ಒಂದೇ ತುಂಡಿನ ರೂಪಾಯಿಯಾದರೆ ಠಣ್ಣೆಂದು ದನಿ ಎಳೆಯುತ್ತದೆ. ಎರಡು ತುಂಡು ಕೂಡಿಸಿದ್ದಾದರೆ ಠಸ್ಸೆಂದು ಅಲ್ಲೇ ಸಾಯುತ್ತದೆ. ಆಮೇಲೆ ತಕ್ಕಡಿಯಲ್ಲಿ ಒಳ್ಳೆಯ ರೂಪಾಯಿಯ ಎದುರಿಗೆ ಇಟ್ಟು ತೂಗುತ್ತಿದ್ದ, ಅಂಚಿನ ಒಳಮೂಲೆಯಲ್ಲಿ ಉಗುರು ಆಡಿಸುತ್ತಿದ್ದ. ಅಷ್ಟಾದರೂ ಸಂಶಯ ಉಳಿದರೆ ಕೋಟೆಯೊಳಗಿನ ಮಣ್ಣು ಹೊರಗೆ ಬರುತ್ತಿತ್ತು. ಬಿದ್ರಿಯವರು ಪಾತ್ರೆ ಕಪ್ಪು ಮಾಡುವ ಮಣ್ಣು ಅದು. ನವಸಾಗರದ ಜೊತೆ ಕಲಸಿ, ಬಿಸಿ ಮಾಡಿ ಹಚ್ಚಿದರೆ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ, ಬೆಸುಗೆ ಹಾಕಿದ ಸಂದು ಮಾತ್ರ ಕಾಡಿಗೆ ತೀಡಿದ ಹಾಗೆ ಕಪ್ಪಗೆ ಎದ್ದು ಕಾಣುತ್ತದೆ.

ಅವನ ಹೆಸರು ಭಾಲ್ಕಿ, ಔರಾದಿನವರೆಗೆ ಹಬ್ಬಿದ್ದು ಪೊಲೀಸ್ ಆಕ್ಷನ್ ಆದ ಮೇಲೆ. ಆ ಗದ್ದಲದಲ್ಲಿ ಜನ ರೂಪಾಯಿಗಳನ್ನು ಗಡಿಗೆಗೆ ತುಂಬಿ ಹೂತಿಟ್ಟಿದ್ದರು. ಗದ್ದಲ ಅಡಗಿದ ಮೇಲೆ ಅಗೆದರು. ಕೆಲವರಿಗೆ ಗಡಿಗೆ ಸಿಕ್ಕಿತು, ಕೆಲವರಿಗೆ ಹೂತ ಜಾಗವೇ ಮರೆತುಹೋಗಿತ್ತು, ಕೆಲವು ಮನೆಗಳಲ್ಲಿ ಅಗೆಯಲು ಯಾರೂ ಉಳಿದಿರಲಿಲ್ಲ. ಮಣ್ಣಿನಿಂದ ಎದ್ದು ಬಂದ ರೂಪಾಯಿಗಳನ್ನು ಅಂಗಡಿಯವರು ಮೂಸಿ ನೋಡಿ ತಳ್ಳುತ್ತಿದ್ದರು. ತಳ್ಳಿಸಿಕೊಂಡವರೆಲ್ಲ ಚಿದ್ರಿಗೆ ಬಂದರು. ಮಡೆಪ್ಪ ಯಾರಿಂದಲೂ ದುಡ್ಡು ಮುಟ್ಟಲಿಲ್ಲ. ಖರೆ ಇದ್ದರೆ ಖರೆ, ಖೋಟಾ ಇದ್ದರೆ ಖೋಟಾ; ಅವನ ಬಾಯಿಂದ ಬಂದರೆ ಮುಗಿಯಿತು.

ಭಾಲ್ಕಿಯ ಶೇವಂತಾಬಾಯಿ ಎಂಬ ಮುದುಕಿಯ ಸಂಗತಿಯನ್ನೇ ನೋಡಿ. ಅವಳ ಹತ್ತಿರವಿದ್ದ ನಿಜಾಮರ ಹಾಲಿ ಸಿಕ್ಕಾ ರೂಪಾಯಿಯ ಒಂದು ಕಡೆ ಚಾರ್ಮಿನಾರು ಸರಿಯಾಗಿಯೇ ಉಬ್ಬಿ ನಿಂತಿತ್ತು. ಇನ್ನೊಂದು ಕಡೆ, ಬರಹ ಇರಬೇಕಾದ ಜಾಗದಲ್ಲಿ, ಅದೇ ಚಾರ್ಮಿನಾರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಆಗಿ ತಗ್ಗಿನಲ್ಲಿ ಕೂತಿತ್ತು. ಭಾಲ್ಕಿಯ ಸರಾಫ ಕಾಶೀರಾಮ ಅದನ್ನು ಖೋಟಾ ಎಂದು ಎಸೆದಿದ್ದ. ಮುದುಕಿ ಅತ್ತು ಕರೆದು ಅವನನ್ನೇ ಜೊತೆಗೆ ಎಳೆದುಕೊಂಡು ಚಿದ್ರಿಗೆ ಬಂದಳು. ಮಡೆಪ್ಪ ಕಲ್ಲಿನ ಮೇಲೆ ಬೀಳಿಸಿದ. ಠಣ್ಣೆಂದಿತು.

"ಇದು ಖೋಟಾ ಅಲ್ರಿ ಸಾವಕಾರ್ರ," ಅಂದ. "ಟಂಕಸಾಲಿ ತಪ್ಪು. ಮುಂಚಿನ ರೂಪಾಯಿ ಅಚ್ಚಿನ್ಯಾಗೇ ಅಂಟಿ ಕೂತಿತ್ತು. ಅದರ ಮ್ಯಾಲ ಇದನ್ನ ಇಟ್ಟು ಒತ್ಯಾರ. ಅದರ ಮಿನಾರು ಇದರ ಬೆನ್ನಿಗೆ ಇಳದು ತಗ್ಗು ಬಿದ್ದದ. ಬೆಳ್ಳಿ ಸರ್ಕಾರದ್ದು, ಅಚ್ಚು ಸರ್ಕಾರದ್ದು, ತಪ್ಪೂ ಸರ್ಕಾರದ್ದೇ."

ಕಾಶೀರಾಮ ಅದನ್ನು ಹೈದರಾಬಾದಿಗೆ ಕಳಿಸಿದ. ಅಲ್ಲಿ ಇಂಥವನ್ನು ಹುಡುಕಿ ಕೂಡಿಡುವ ಒಬ್ಬ ಶ್ರೀಮಂತ ಅರವತ್ತು ರೂಪಾಯಿ ಕೊಟ್ಟ. ಕಾಶೀರಾಮ ಪ್ರಾಮಾಣಿಕ, ಅರ್ಧ ಮುದುಕಿಗೆ ಕೊಟ್ಟ, ಮತ್ತು ಅಂದಿನಿಂದ ಮಡೆಪ್ಪನ ಮಾತೆಂದರೆ ವೇದ ಅಂದುಕೊಂಡ. ಆದರೆ ಅವನು ಕಲಿತದ್ದು ಅರ್ಧ ಪಾಠ. ಎರಡೂ ಕಡೆ ಮಿನಾರು ಇದ್ದರೆ ಟಂಕಸಾಲೆಯ ತಪ್ಪು, ಟಂಕಸಾಲೆಯ ತಪ್ಪಿದ್ದರೆ ರೊಕ್ಕ, ಇಷ್ಟೇ ಅವನ ತಲೆಯಲ್ಲಿ ಕೂತಿತು. ಉಳಿದರ್ಧ ಹೀಗಿದೆ: ಮಿನಾರು ಒಂದು ಕಡೆ ಉಬ್ಬಿ ಒಂದು ಕಡೆ ತಗ್ಗಿದ್ದರೆ ಮಾತ್ರ ತಪ್ಪು. ಎರಡೂ ಕಡೆ ಚೆಂದಾಗಿ ಉಬ್ಬಿ ನಿಂತಿದ್ದರೆ ಅದು ಯಾರೋ ಕಿಲಾಡಿ ಕೂತು ಮಾಡಿದ ಕೈಕೆಲಸ, ಯಾಕೆಂದರೆ ಟಂಕಸಾಲೆಯಲ್ಲಿ ಮೇಲಿನ ಅಚ್ಚು ಕೆಳಗೆ ಕೂರುವಂತೆಯೇ ಇರುವುದಿಲ್ಲ. ಇದನ್ನು ಹೇಳಬೇಕೆಂದು ಮಡೆಪ್ಪ ಬಾಯಿ ತೆರೆದ. ಆದರೆ ಆ ಮಾತು ಬಿಟ್ಟು ತಕ್ಕಡಿ ಎತ್ತಿಡಲು ಎದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಡೆಪ್ಪನ ಹೆಗಲಿನ ಮೇಲೂ ಒಂದು ಕುಂಬಳಕಾಯಿ ಇತ್ತು. ಅದರ ಕಥೆ ಹೇಳಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಔರಾದಿನ ಧೊಂಡಿಬಾ ಮಡೆಪ್ಪನ ಸೋದರಮಾವ. ಈ ಧೊಂಡಿಬಾನಿಗೆ ಇಬ್ಬರು ಅಕ್ಕಂದಿರು. ಜನಾಬಾಯಿಯನ್ನು ಅಷ್ಟೂರಿಗೆ ಕೊಟ್ಟಿತ್ತು, ಅವಳ ಮಗ ನಮ್ಮ ಮಡೆಪ್ಪ. ರುಕ್ಮಿಣಿಬಾಯಿಯನ್ನು ಭಾತಂಬ್ರಾಕ್ಕೆ ಕೊಟ್ಟಿತ್ತು, ಅವಳ ಮಗ ಹಣಮಂತಪ್ಪ. ಸೋದರಮಾವನ ಮಗಳ ಮೇಲೆ ಅಕ್ಕನ ಮಗನಿಗೆ ಹಕ್ಕು ಎಂಬುದು ಆ ಮಂದಿಯ ರೂಢಿ. ಅಕ್ಕಂದಿರು ಇಬ್ಬರು, ಮಗಳು ಪುತಳಾಬಾಯಿ ಒಬ್ಬಳೇ. ಇಬ್ಬರೂ ಅಕ್ಕಂದಿರು ತಿಂಗಳಿಗೊಮ್ಮೆ ಬಂದು ತಮ್ಮನ ಅಂಗಳದಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದರು. ಧೊಂಡಿಬಾ ತೋಳಕ್ಕೆ ಹೆದರಿದವನಲ್ಲ. ಅಕ್ಕಂದಿರು ಬರುತ್ತಾರೆಂದರೆ ಮಾತ್ರ ಕುರಿ ಹೊಡೆದುಕೊಂಡು ಮೂರು ಹರದಾರಿ ಆಚೆ ಹೋಗಿಬಿಡುತ್ತಿದ್ದ.

ಹಣಮಂತಪ್ಪನಿಗೆ ಇನ್ನೂರು ಕುರಿ, ಸ್ವಂತ ಎತ್ತಿನ ಗಾಡಿ, ಊರೆಲ್ಲ ಕೇಳುವ ನಗು. ಒಳ್ಳೆಯ ಮನುಷ್ಯ. ಮಡೆಪ್ಪನ ಹತ್ತಿರ ಏನಿತ್ತು? ತಿಂಗಳಿಗೆ ಆರು ರೂಪಾಯಿ ಪಗಾರ ಮತ್ತು ಒಂದು ಗಾಯ. ಗಾಯ ಮಾಡಿದವಳು ಪುತಳಾಬಾಯಿಯೇ. ಇನ್ನೂರು ಮರಿಗಳ ನಡುವೆ ಇದು ಇಂಥ ತಾಯಿಯ ಮರಿ ಎಂದು ಮುಖ ನೋಡಿ ಹೇಳುವ ಕಣ್ಣು ಅವಳದು. ಮಡೆಪ್ಪ ಒಂದು ಸಲ ತಾನು ಬೆಳ್ಳಿ ಕೂರಿಸಿದ ಸುಣ್ಣದ ಡಬ್ಬಿಯನ್ನು ಮಾವನಿಗೆ ತಂದುಕೊಟ್ಟಾಗ ಅವಳು ಅದನ್ನು ತಿರುಗಿಸಿ ನೋಡಿ, "ಈ ಕಡಿ ಬಳ್ಳಿಗಿ ಎಲಿ ಒಂದು ಕಡಿಮಿ ಅದ" ಅಂದಿದ್ದಳು. ಉಸ್ತಾದನ ಕಣ್ಣಿಗೂ ಬಿದ್ದಿರದ ತಪ್ಪು. ಎಣಿಸಿದ, ಖರೆ, ಒಂದು ಕಡಿಮೆ! ಅವತ್ತಿನಿಂದ ಮಡೆಪ್ಪನಿಗೆ ರೊಟ್ಟಿ ಸೇರುತ್ತಿರಲಿಲ್ಲ. ರೊಟ್ಟಿಗಾಗಿ ಜವಾನನನ್ನೇ ಬೈದ ಮನುಷ್ಯ ಇವನೇ ಎಂಬುದನ್ನು ನೆನಪಿಡಿ.

ಕೊನೆಗೆ ಧೊಂಡಿಬಾ ತನ್ನ ಜೀವ ಉಳಿಸಿಕೊಳ್ಳುವ ಉಪಾಯ ಹೂಡಿದ. "ಮನಿದೇವರು ಬೀರಪ್ಪನ ಮುಂದ ರೂಪಾಯಿ ಹಾರಸ್ತೇನಿ. ಯಾರಿಗಿ ಬೀಳ್ತದೋ ಅವನಿಗಿ ಹುಡುಗಿ. ರೂಪಾಯಿ ಕಿರಿಯಾವ ತರಲಿ. ಆಮ್ಯಾಲ ಯಾರೂ ನನ್ನ ಬಾಗಲಿಗಿ ಬಂದು ಅಳಬಾರದು." ಕಿರಿಯವನೆಂದರೆ ಮಡೆಪ್ಪ.

ಸುದ್ದಿ ಕೇಳಿದ ಮಡೆಪ್ಪ ಎರಡು ಹಾಲಿ ರೂಪಾಯಿ ಕೂಡಿಟ್ಟ. ಉಸ್ತಾದ ಮಧ್ಯಾಹ್ನ ಮಲಗಿದಾಗಲೆಲ್ಲ ಕೂತು, ಒಂದರ ಬರಹದ ಬದಿಯನ್ನು ಅಂಚು ಉಳಿಸಿ ತಟ್ಟೆಯ ಹಾಗೆ ಕೊರೆದ. ಇನ್ನೊಂದನ್ನು ಹಿಂದಿನಿಂದ ಉಜ್ಜಿ ಉಜ್ಜಿ, ಮಿನಾರು ಮಾತ್ರ ಉಳಿಯುವಂತೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಿ, ಆ ತಟ್ಟೆಯೊಳಗೆ ಕೂರಿಸಿ ಬೆಸೆದ. ತಗ್ಗು ಕೊರೆದು ಬೆಳ್ಳಿ ಕೂರಿಸುವುದೇ ಬಿದ್ರಿಯವನ ಕಸುಬು. ಸಂದು ಎಲ್ಲಿದೆಯೆಂದು ಮಾಡಿದವನಿಗೇ ಕಾಣದ ಹಾಗಾಯಿತು. ಎರಡೂ ಕಡೆ ಚಾರ್ಮಿನಾರು.

ಕಂಡವಳು ಉಸ್ತಾದನ ಹೆಂಡತಿ ಕುಲಸುಮಬೀ. ಚಹಾ ತಂದವಳು ಬೆನ್ನಿಗೆ ಒಂದು ಗುದ್ದು ಗುದ್ದಿದಳು. "ಯಾ ಅಲ್ಲಾ! ಸರ್ಕಾರದ ಸಿಕ್ಕಾಕ್ಕ ಉಳಿ ಹಾಕ್ದೆ ಏನಲೇ? ಜೇಲಿಗಿ ಹೋಗ್ತಿ ಏನು?" ಆಮೇಲೆ ರೂಪಾಯಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಕೆಲಸ ಮಾತ್ರ… ನಿನ್ನ ಉಸ್ತಾದಗೂ ಬರೋದಿಲ್ಲ." ಮಡೆಪ್ಪ ಎಲ್ಲ ಒಪ್ಪಿಕೊಂಡ. ಅವಳು ರೂಪಾಯಿಯನ್ನು ಅವನ ಅಂಗೈಗೆ ಇಟ್ಟು, "ಕಸಮ್ ತಗೋ," ಅಂದಳು. "ಇದು ಒಂದೇ. ಮತ್ತ ಎಂದೂ ಮಾಡೋದಿಲ್ಲ, ರೂಪಾಯಿ ವಿಷಯದಾಗ ಮತ್ತ ಯಾರಿಗೂ ಸುಳ್ಳು ಹೇಳೋದಿಲ್ಲ ಅನ್ನು." ಮಡೆಪ್ಪ ಅವಳ ಕಾಲು ಮುಟ್ಟಿ ಅಂದ.

ಔರಾದಿಗೆ ಎರಡು ದಿನ ನಡೆದು ಹೋದ. ಹಣಮಂತಪ್ಪ ಅಷ್ಟರಲ್ಲಾಗಲೇ ಗಾಡಿಯಲ್ಲಿ ಬಂದು, ಕಂಬಕ್ಕೆ ಒರಗಿ, ಮಂಡಾಳು, ಅದೇ ಚುರುಮುರಿ, ಮುಕ್ಕುತ್ತ ಕೂತಿದ್ದ. ಅಕ್ಕಂದಿರಿಬ್ಬರೂ ಎದುರುಬದರು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಡೆಪ್ಪ ಕೊಟ್ಟ ರೂಪಾಯಿ, ರೂಢಿಯಂತೆ ತೊಳೆದು ಭಂಡಾರದ ಅರಿಶಿನ ಹಚ್ಚಲಿಕ್ಕೆಂದು ಮನೆಯೊಳಗೆ ಹೋಯಿತು. ಧೊಂಡಿಬಾ ಗಂಟಲು ಸರಿಮಾಡಿಕೊಂಡು ಹೇಳಿದ:

"ರೂಪಾಯಿ ಕಿರಿಯಾವಂದು. ಕೇಳೋ ಬಾಯಿ ಹಿರಿಯಾವಂದು. ಹಣಮಂತಪ್ಪಾ, ಮಿನಾರೋ, ಬರಹೋ?"

ಶಿವನೇ! ಯಾರ ರೂಪಾಯಿಯೋ ಅವನು ಕೇಳುವಂತಿಲ್ಲ. ಇಂಥ ಕಿಲಾಡಿಗಳಿಗಾಗಿಯೇ ಹಿರಿಯರು ಹಾಗೆ ಮಾಡಿಟ್ಟಿದ್ದರು. ಎರಡು ರೂಪಾಯಿ ಕೆಡಿಸಿ, ತಿಂಗಳುಗಟ್ಟಲೆ ಕಣ್ಣು ಕೆಡಿಸಿಕೊಂಡವನಿಗೆ ಇಷ್ಟು ಸಣ್ಣ ಸಂಗತಿ ಹೊಳೆದಿರಲಿಲ್ಲ. ಹಣಮಂತಪ್ಪ ಕೇಳುವುದು ಮಿನಾರೇ. ಜಗತ್ತಿನಲ್ಲಿ ಯಾರು ಬರಹ ಕೇಳುತ್ತಾರೆ? ತಾನು ಕೆತ್ತಿದ ರೂಪಾಯಿ ತನ್ನ ಕಣ್ಣೆದುರೇ ಪುತಳಾಳನ್ನು ಭಾತಂಬ್ರಾಕ್ಕೆ ಕಳಿಸುವುದಿತ್ತು.

ಹಣಮಂತಪ್ಪ ಬಾಯಿಯ ಮಂಡಾಳು ನುಂಗಿ ಇನ್ನೇನು ಕೇಳಬೇಕು, ಅಷ್ಟರಲ್ಲಿ ಬಾಗಿಲ ಮರೆಯಿಂದ ಒಂದು ದನಿ ಬಂತು. "ಗಾಡ್ಯಾಗ ಬಂದವರು ಕೂತೇ ಬಂದಾರ, ಇನ್ನಷ್ಟು ಹೊತ್ತು ಕೂಡ್ಲಿ. ಕಾಲಿಗಿ ಧೂಳ ಹತ್ತಿದವರು ಮೊದಲ ಕೇಳ್ಲಿ." ಮಾತಿನ ಹಿಂದೆಯೇ ಭಂಡಾರದ ತಟ್ಟೆಯಲ್ಲಿ ರೂಪಾಯಿ ಹೊರಗೆ ಬಂತು.

ಅಂಗಳವೆಲ್ಲ ನಕ್ಕಿತು. ರುಕ್ಮಿಣಿಬಾಯಿ ಒಬ್ಬಳು, "ಹುಡುಗಿ ಬಾಯಿ ನೋಡ್ರೆವ್ವಾ" ಎಂದು ಮೂಗು ಮುರಿದಳು. ಎಲ್ಲರಿಗಿಂತ ದೊಡ್ಡದಾಗಿ ನಕ್ಕವನು ಹಣಮಂತಪ್ಪನೇ. "ಖರೇನೇ ಅದ ಬಿಡ್ರಿ ಮಾಮಾ. ಅವನೇ ಕೇಳ್ಲಿ. ಯಾರು ಕೇಳಿದ್ರೇನು, ಕೊಡಾವ ಬೀರಪ್ಪ ಒಬ್ಬನೇ." ಮಡೆಪ್ಪ "ಮಿನಾರು" ಅಂದ. ರೂಪಾಯಿ ಹಾರಿತು, ತಟ್ಟೆಯಲ್ಲಿ ಬಿತ್ತು, ಮಿನಾರು ಮೇಲೆ. ದೇವರು ಹೇಳಿದ್ದನ್ನು ತಿರುವಿ ನೋಡಬಾರದು ಎಂಬುದು ಆ ಮನೆಯ ಕಟ್ಟಳೆ. ಧೊಂಡಿಬಾ ಬಿದ್ದದ್ದನ್ನು ಬಿದ್ದ ಹಾಗೆಯೇ ಹಳದಿ ಬಟ್ಟೆಯಲ್ಲಿ ಕಟ್ಟಿ ಬೀರಪ್ಪನನ್ನು ಪೂಜೆಗಿಡುವ ಬುಟ್ಟಿಯಲ್ಲಿ ಇಟ್ಟುಬಿಟ್ಟ.

ಮದುವೆಯಾಯಿತು, ಮೂರು ಮಕ್ಕಳಾದವು. ಮಡೆಪ್ಪ ಕುಲಸುಮಬೀಗೆ ಕೊಟ್ಟ ಮಾತಿನಂತೆ ನಾಣ್ಯದ ವಿಷಯದಲ್ಲಿ ಮತ್ತೆ ಸುಳ್ಳಾಡಲಿಲ್ಲ. ಹಾಗಂತ ನೆಮ್ಮದಿಯಿತ್ತೇ? ಎಲ್ಲಿಂದ ಬರಬೇಕು! ಹಬ್ಬಕ್ಕೆ ಸೇರಿದಾಗಲೆಲ್ಲ ಹಣಮಂತಪ್ಪ ನಗುನಗುತ್ತಲೇ, "ಬೀರಪ್ಪ ನನಗ ಬೆನ್ನು ಕೊಟ್ಟ ನೋಡು ತಮ್ಮಾ, ಏನು ತಪ್ಪು ಮಾಡಿದ್ನೋ" ಅನ್ನುತ್ತಿದ್ದ. ಅವನಿಗೂ ಬೇರೆ ಕಡೆ ಹೆಣ್ಣು ಸಿಕ್ಕು ಮನೆ ತುಂಬ ಮಕ್ಕಳಾಗಿದ್ದವು, ಆದರೂ ಆ ಮಾತು ಬಿಡಲಿಲ್ಲ. ಇತ್ತ ಪುತಳಾಬಾಯಿ ಮಕ್ಕಳಿಗೆ ಉಣಿಸುವಾಗ, "ನಿಮ್ಮಪ್ಪಗ ನನ್ನನ್ನ ಬೀರಪ್ಪನೇ ಕೊಟ್ಟಾನ" ಎಂದು ಹೇಳಿ ಗಂಡನ ಮುಖ ನೋಡುತ್ತಿದ್ದಳು. ಮಡೆಪ್ಪ ಮುಖ ತಗ್ಗಿಸಿ ಪಲ್ಯಕ್ಕೆ ಉಪ್ಪು ಕೇಳುತ್ತಿದ್ದ. ಇನ್ನೊಂದು ಸಂಕಟ ಬೇರೆ. ಅವನ ಜನ್ಮದಲ್ಲೇ ಅಂಥ ಕೈಕೆಲಸ ಮತ್ತೊಂದು ಆಗಲಿಲ್ಲ, ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಹಾಲಿ ಸಿಕ್ಕಾ ಇನ್ನು ನಡೆಯುವುದಿಲ್ಲ, ಹಿಂದುಸ್ತಾನದ ಕಲ್ದಾರ ರೂಪಾಯಿಗೆ ಬದಲಿಸಿಕೊಳ್ಳಿ ಎಂದು ಊರೂರಲ್ಲಿ ಡಂಗುರ ಬಂದಾಗ ಮುದುಕ ಧೊಂಡಿಬಾ ಬೀರಪ್ಪನ ಬುಟ್ಟಿ ತೆಗೆದ. ಗಂಟು ಬಿಚ್ಚುವಾಗ ಹಳದಿ ಬಟ್ಟೆಯಿಂದ ರೂಪಾಯಿ ಜಾರಿ, ಅಂಗಳದಲ್ಲಿ ಉರುಳಿ, ಮಗುಚಿ ಬಿತ್ತು. ನೋಡುತ್ತಾನೆ, ಆ ಕಡೆಯೂ ಮಿನಾರು! ಸುದ್ದಿ ಭಾಲ್ಕಿಗೆ ಮುಟ್ಟಿತು. ಕಾಶೀರಾಮ ಓಡಿ ಬಂದು, ತನ್ನ ಅರ್ಧ ಪಾಠದ ಬಲದ ಮೇಲೆ, ಇದು ಟಂಕಸಾಲೆಯ ತಪ್ಪೇ ಎಂದ. ಮಡೆಪ್ಪ ಹೌದು ಅಂದರೆ ಇನ್ನೂರು ಕಲ್ದಾರ ಅಲ್ಲೇ ಎಣಿಸುತ್ತೇನೆ ಅಂದ. ಹಣಮಂತಪ್ಪನೂ ಬಂದ. ಅವನು ನಗಲಿಲ್ಲ.

"ನನಗ ರೊಕ್ಕ ಬ್ಯಾಡ ಮಾಮಾ," ಅಂದನಂತೆ. "ಟಂಕಸಾಲಿ ತಪ್ಪಿದ್ರ ದೇವರ ಇಚ್ಛಾ ಅಂತೀನಿ. ಯಾರರೆ ಮಾಡಿದ್ದಿದ್ರ ನನಗ ಮೋಸ ಆಗ್ಯದ. ಯಾವುದು ಅಂತ ಹೇಳ್ರಿ, ಸಾಕು. ಮಡೆಪ್ಪಗೇ ಕರಸ್ರಿ. ಅವ ಸುಳ್ಳ ಹೇಳೋದಿಲ್ಲ."

ಕರೆ ಬಂದ ದಿನ ಮಡೆಪ್ಪನಿಗೆ ಅತ್ತ ದರಿ ಇತ್ತ ಪುಲಿ. ಟಂಕಸಾಲೆಯ ತಪ್ಪು ಎಂದು ಹೇಳಿದರೆ ಕುಲಸುಮಬೀಗೆ ಕೊಟ್ಟ ಮಾತು ಮುರಿಯುತ್ತದೆ, ನಂಬಿದ ಕಾಶೀರಾಮ ಇನ್ನೂರು ರೂಪಾಯಿ ಕಳೆದುಕೊಳ್ಳುತ್ತಾನೆ. ಕೈಕೆಲಸ ಎಂದು ಹೇಳಿದರೆ ಪುತಳಾಬಾಯಿಯ ಬೀರಪ್ಪ ಮುರಿದು ಬೀಳುತ್ತಾನೆ. ದೇವರು ಕೊಟ್ಟ ಗಂಡ ಎಂದು ಇಪ್ಪತ್ತು ವರ್ಷ ಬಾಳಿದ ಹೆಂಗಸಿಗೆ, ನಿನ್ನನ್ನು ಮೋಸದಿಂದ ಗೆದ್ದೆ ಎಂದು ಯಾವ ಬಾಯಲ್ಲಿ ಹೇಳುವುದು? ಕುಲಸುಮಬೀಯ ಹತ್ತಿರ ಹೋದ. ಹಣ್ಣುಹಣ್ಣು ಮುದುಕಿ, ಕಣ್ಣು ಮಂದ. ಎಲ್ಲ ಕೇಳಿ, "ನಂಗೇನು ಕೇಳ್ತಿ ಬೇಟಾ, ಕಸಮ್ ನಿಂದು" ಎಂದು ಆ ಕಡೆ ಹೊರಳಿದಳು.

ಹೆಂಡತಿಯ ಜೊತೆ ಔರಾದಿಗೆ ಮೋಟಾರಿನಲ್ಲಿ ಹೋಗುವಾಗ ಮಡೆಪ್ಪ ಬೇಕೆಂದೇ ಮಣ್ಣಿನ ಚೀಲ ಮನೆಯಲ್ಲಿ ಬಿಟ್ಟ. ಮಣ್ಣಿಲ್ಲದೆ ಪಕ್ಕಾ ಹೇಳಲಾಗದು ಎಂದು ಜಾರಿಕೊಳ್ಳುವ ಹಂಚಿಕೆ. ಧೊಂಡಿಬಾನ ಅಂಗಳದಲ್ಲಿ ಹಾಗೆಯೇ ಅಂದ ಕೂಡ: "ಕೋಟ್ಯಾಗಿನ ಮಣ್ಣು ಮರತು ಬಂದೀನ್ರಿ."

"ನೀವು ಮರತ್ರಿ, ನಾ ತಂದೀನಿ," ಎಂದು ಪುತಳಾಬಾಯಿ ತನ್ನ ಗಂಟಿನಿಂದ ಚೀಲ ತೆಗೆದು ಮುಂದಿಟ್ಟಳು. ನವಸಾಗರವನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಗಿತ್ತಿ.

ಇನ್ನೇನು ಮಾಡುವುದು? ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿದ. ಠಸ್. ತೂಗಿದ, ಗುಂಜಿಯಷ್ಟು ಕಡಿಮೆ. ಬಿಸಿ ಮಣ್ಣು ಹಚ್ಚಿ ತೊಳೆದ. ಒಂದು ಬದಿಯ ಅಂಚಿನ ಒಳಗೆ, ಸುತ್ತಲೂ, ಕೂದಲೆಳೆಯಂಥ ಕಪ್ಪು ಗೆರೆ ಎದ್ದಿತು. ಎಷ್ಟು ಸಣ್ಣ ಗೆರೆ! ಆ ಸಂಕಟದಲ್ಲೂ ಮಡೆಪ್ಪನ ಎದೆ ಒಂದು ಗೇಣು ಉಬ್ಬಿತು, ಸುಳ್ಳು ಯಾಕೆ ಹೇಳಲಿ.

"ಹೇಳು ತಮ್ಮಾ," ಅಂದ ಹಣಮಂತಪ್ಪ.

"ಟಂಕಸಾಲಿ ತಪ್ಪಲ್ಲ," ಅಂದ ಮಡೆಪ್ಪ. "ತಪ್ಪಿದ್ರ ಒಂದು ಕಡಿ ತಗ್ಗು ಇರ್ತಿತ್ತು. ಇದು ಎರಡೂ ಕಡಿ ಉಬ್ಬ್ಯದ. ಎರಡು ರೂಪಾಯಿ ಕೊರದು ಒಂದು ಮಾಡ್ಯಾರ. ಮಿನಾರಿನ ಬಾಗಲಿನ್ಯಾಗ ನಿಜಾಮರ ಹೆಸರಿನ ಮೊದಲ ಅಕ್ಷರ ನೋಡ್ರಿ. ಈ ಕಡಿ ಈಗಿನ ನಿಜಾಮರದು, ಆ ಕಡಿ ಅವರ ಅಪ್ಪಂದು. ಒಂದು ರೂಪಾಯಿಗಿ ಇಬ್ಬರು ಸರ್ಕಾರ ಇರ್ತಾರೇನು? ಮಾಡಿದಾವಗ ಉರ್ದು ಬರ್ತಿದ್ದಿಲ್ಲ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಯಾರೋ ನನಗೆ ಪಗಾರದಲ್ಲಿ ಕೊಟ್ಟಿದ್ದರು, ನಾನು ತಿಳಿಯದೆ ತಂದೆ ಎಂದರೆ ಎಲ್ಲರೂ ನಂಬುತ್ತಿದ್ದರು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಅಷ್ಟರಲ್ಲಿ ಪುತಳಾಬಾಯಿಯ ಮುಖ ನೋಡಿದ. ಮಕ್ಕಳಿಗೆ ಉಣಿಸುವಾಗ ನೋಡುತ್ತಿದ್ದ ಹಾಗೆಯೇ ಅವನನ್ನು ನೋಡುತ್ತಿದ್ದಳು.

"ಮಾಡಿದಾವ ನಾನೇ," ಅಂದ. "ಹಣಮಂತಪ್ಪಣ್ಣಾ, ನಿನಗ ಬೀರಪ್ಪ ಬೆನ್ನು ಕೊಟ್ಟಿಲ್ಲ. ನಾ ಕೊಟ್ಟೀನಿ. ಹೊಡಿ ಬೇಕಾದ್ರ."

ಕಾಶೀರಾಮ ಎಣಿಸಲಿಕ್ಕೆಂದು ತೆಗೆದ ರೊಕ್ಕವನ್ನು ಮತ್ತೆ ಕಿಸೆಗೆ ಹಾಕಿಕೊಂಡ. ಧೊಂಡಿಬಾ, "ಎಲಾ ಮೂಳಾ! ಇಪ್ಪತ್ತು ವರ್ಷ ಅದಕ್ಕ ಊದಿನಕಡ್ಡಿ ಹಚ್ಚಿದೆನಲ್ಲೋ!" ಎಂದು ಬಡಿಗೆ ಎತ್ತಿದ. ಹಣಮಂತಪ್ಪನ ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿತು. "ಕೇಳೋ ಬಾಯಿ ನಂದಿತ್ತು," ಅಂದ ಮೆಲ್ಲಗೆ. "ನಾ ನಕ್ಕೋತ ಬಿಟ್ಟುಕೊಟ್ಟೆ ನಿನಗ. ನೀ ಸುಮ್ಮ ತಗೊಂಡಿ."

"ನೀವು ಬಿಟ್ಟುಕೊಡಲಿಲ್ಲ ಭಾವಾ. ನಾ ಬಿಡಸಿದೆ."

ಎಲ್ಲರೂ ಪುತಳಾಬಾಯಿಯ ಕಡೆ ತಿರುಗಿದರು. ಅವಳು ಸೆರಗು ಸರಿಮಾಡಿಕೊಂಡಳು, ಅಷ್ಟೇ.

"ರೂಪಾಯಿ ತೊಳದು ಭಂಡಾರ ಹಚ್ಚಿದಾಕಿ ಯಾರು? ನಾನೇ ಅಲ್ಲ? ಎರಡು ನೂರು ಮರಿ ಮುಖಾ ನೋಡಿ ಹೇಳಾಕಿಗಿ ಒಂದು ರೂಪಾಯಿದು ಎರಡು ಮುಖಾ ತಿಳಿಯೋದಿಲ್ಲೇನು? ಈ ಕಡಿ ಮಿನಾರು, ಆ ಕಡಿನೂ ಮಿನಾರು, ಬಾಗಲದಾಗಿನ ಗೀಟು ಮಾತ್ರ ಬ್ಯಾರೆ ಬ್ಯಾರೆ. ಇದು ಇವರದೇ ಕೈ ಅಂತ ತಿಳೀತು. ಹೊರಗ ಅಪ್ಪ ನಿಮಗ ಕೇಳ್ರಿ ಅಂದಾಗ ಇವರ ಮುಖಾ ನೋಡಿದೆ. ಕಡಿಲಿಕ್ಕಿ ಒಯ್ಯೋ ಹೋತದ ಗತಿ ಆಗಿತ್ತು. ಅದಕ್ಕೇ ಕಾಲಿಗಿ ಧೂಳ ಹತ್ತಿದವರು ಕೇಳ್ಲಿ ಅಂದೆ. ಮೋಸ ಅಂದ್ರ ಇಬ್ಬರದೂ ಅದ ಭಾವಾ. ಬೈಯೋದಿದ್ರ ನನಗೂ ಬೈರಿ."

ಹಣಮಂತಪ್ಪ ಅವಳನ್ನು ನೋಡಿದ, ಮಡೆಪ್ಪನನ್ನು ನೋಡಿದ. ಉಬ್ಬಿದ ನರ ಮೆಲ್ಲಗೆ ಇಳಿಯಿತು. ಆಮೇಲೆ ಎದ್ದು ಬೀರಪ್ಪನ ಬುಟ್ಟಿಯ ಮುಂದೆ ಹೋಗಿ ಹಣೆಗೆ ಭಂಡಾರ ಹಚ್ಚಿಕೊಂಡ. "ತಪ್ಪಾಯ್ತಪ್ಪಾ. ಇಪ್ಪತ್ತು ವರ್ಷ ಸುಮ್ಮಸುಮ್ಮಕ ನಿನಗ ಬೈದೆ," ಅಂದ. ಈ ಕಡೆ ತಿರುಗಿದಾಗ ನಗುತ್ತಿದ್ದ, ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದ. "ಹುಡುಗಿಗೇ ನಾ ಬ್ಯಾಡಾಗಿದ್ದೆ ಅಂದ್ರ, ಅದನ್ನ ಅವತ್ತೇ ಹೇಳಬಾರದೇನವ್ವಾ? ನಾನೇ ನಿಮ್ಮ ಲಗ್ನಕ್ಕ ಹತ್ತು ಕುರಿ ಹೊಡಕೊಂಡು ಬರ್ತಿದ್ದೆ."

"ಹೆಣ್ಣಿಗಿ ಅವತ್ತು ಯಾರು ಕೇಳಿದ್ರು ಭಾವಾ?" ಅಂದಳು. ಧೊಂಡಿಬಾ ಎತ್ತಿದ್ದ ಬಡಿಗೆಯನ್ನು ಕೆಳಗಿಟ್ಟ.

ಬೀದರಿನ ಮೋಟಾರು ಬರುವುದು ತಡವಿತ್ತು. ಗಂಡಹೆಂಡತಿ ಔರಾದಿನ ರಸ್ತೆಯ ಬದಿಗೆ ಕಲ್ಲಿನ ಮೇಲೆ ಕೂತರು. ಬೆಲೆಯಿಲ್ಲದ ರೂಪಾಯಿಯನ್ನು ಧೊಂಡಿಬಾ ಮಗಳ ಸೆರಗಿಗೇ ಎಸೆದಿದ್ದ. ಮಡೆಪ್ಪ ಅದನ್ನೇ ಕದ್ದು ಕದ್ದು ನೋಡಿದ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಆದ್ರೂ ಪುತಳಾ, ಕೆಲಸ ಹ್ಯಾಂಗಿತ್ತು?"

"ಛಲೋ ಇತ್ತು. ಬಾಗಲಾ ಎರಡೂ ಒಂದೇ ನಮೂನಿ ಇರಬೇಕಿತ್ತು."

ಮಡೆಪ್ಪ ನಕ್ಕ. ಇಪ್ಪತ್ತು ವರ್ಷದ ನಂತರ ಹೊಟ್ಟೆ ಹಗುರಾಗಿ ನಕ್ಕ. ನಕ್ಕು ಮುಗಿದ ಮೇಲೆ ಕೇಳಿದ, "ಎಲ್ಲಾ ಗೊತ್ತಿದ್ದು ಇಷ್ಟು ದಿನ ಯಾಕ ಹೇಳಲಿಲ್ಲ?"

ಪುತಳಾಬಾಯಿ ರೂಪಾಯಿಯನ್ನು ಅಂಗೈಯಲ್ಲಿ ಮಗುಚುತ್ತ ಕೂತಿದ್ದಳು. "ನೀವು ಹೇಳ್ತೀರೇನಂತ ಕಾಯ್ಲತ್ತಿದ್ದೆ," ಅಂದಳು. "ಬಂದವರದೆಲ್ಲಾ ರೂಪಾಯಿ ನೋಡಿ ಖರೆ ಹೇಳ್ತಿದ್ರಿ. ಗುರ್ತಿಲ್ಲದ ಮುದುಕಿಗೂ ಹೇಳಿದ್ರಿ. ನಂದೊಂದು ರೂಪಾಯಿದೇ ಹೇಳಲಿಲ್ಲ. ಮಕ್ಕಳ ಮುಂದ ದಿನಾ ಬೀರಪ್ಪನ ಹೆಸರು ತಗೊಂಡು ನಿಮ್ಮ ಮುಖಾ ನೋಡ್ತಿದ್ದೆ. ನೀವು ಉಪ್ಪು ಕೇಳ್ತಿದ್ರಿ."

ಮಡೆಪ್ಪನಿಗೆ ಅಳು ಬಂತು. ರೂಪಾಯಿ ಹಿಡಿದ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಸಂತೆಯಿಂದ ಬರುವ ಮಂದಿ ನಿಂತು ನೋಡಿದರು. ಮೋಟಾರು ಬಂದು ನಿಂತು, ಕಂಡಕ್ಟರ್ "ಏ ಕಾಕಾ, ಹತ್ತೋದದೋ ಇಲ್ಲೋ?" ಎಂದು ಎರಡು ಸಲ ಕೂಗಿದರೂ ಅವನು ಕೈ ಬಿಡಲಿಲ್ಲ.